ವಾಸನೆ, ಮಿದುಳು, ಬೆದೆ: ಇಲಿ ಜಾತಿಯ ಪ್ರಾಣಿಗಳ ಮಿಲನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಮ್‌ಸ್ಟರ್, ಸುಂಡಿಲಿ, ದೊಡ್ಡ ಇಲಿ, ವೋಲ್ (ಮೋಟು ಬಾಲದ, ಇಲಿಯಂಥ ಪ್ರಾಣಿ) ಇವೆಲ್ಲ ಹೆಚ್ಚಾಗಿ ಕತ್ತಲಲ್ಲಿ, ಬಿಲಗಳಲ್ಲಿ ಬದುಕುವ ಪ್ರಾಣಿಗಳು. ಜೋಡಿ ಹುಡುಕುವಾಗ ಇವು ಕಣ್ಣಿಗಿಂತ ಮೂಗನ್ನೇ ನಂಬುತ್ತವೆ. ಮೂಗಿಗೆ ಬಿದ್ದ ವಾಸನೆ ಮಿದುಳಿನಲ್ಲಿ ಎಲ್ಲೆಲ್ಲಿ ಹೋಗುತ್ತದೆ, ಅಲ್ಲಿ ಏನೇನಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಹ್ಯಾಮ್‌ಸ್ಟರ್ ಸಾಕುವವರು ಕೇಳುತ್ತಾರೆ, ಸುಮ್ನೆ ಕುತೂಹಲ ಇರುವವರೂ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಉದಾಹರಣೆಗಳಲ್ಲಿ ಜಾಸ್ತಿ ಗೋಲ್ಡನ್ ಹ್ಯಾಮ್‌ಸ್ಟರ್‌ನವು. ಈ ವಿಷಯದಲ್ಲಿ ಅದು ಕಲಿಸಿದಷ್ಟು ಬೇರೆ ಯಾವ ಪ್ರಾಣಿಯೂ ಕಲಿಸಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸುಂಡಿಲಿ ಎಂದಾಗ ಮನೆಯಲ್ಲಿ ಓಡಾಡುವ ಪುಟ್ಟ ಇಲಿ ಎಂದು ತಿಳಿಯಿರಿ. ಲ್ಯಾಬಿನ ಬಿಳಿ ಇಲಿ, ಕಪ್ಪು ಇಲಿಗಳೂ ಮೂಲದಲ್ಲಿ ಅದೇ ಜಾತಿಯವು.

ಹ್ಯಾಮ್‌ಸ್ಟರ್ ಯಾಕೆ ಅಷ್ಟು ಮುಖ್ಯ?

ಗೋಲ್ಡನ್ ಹ್ಯಾಮ್‌ಸ್ಟರ್ ಸಿರಿಯಾದ ಪ್ರಾಣಿ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ಹತ್ತಿರದ ಹೊಲದಲ್ಲಿ ಬಿಲ ಅಗೆಸಿ ಒಂದು ತಾಯಿಯನ್ನೂ ಮರಿಗಳನ್ನೂ ಹಿಡಿದರು. ಇವತ್ತು ಲ್ಯಾಬುಗಳಲ್ಲಿ, ಪೆಟ್ ಅಂಗಡಿಗಳಲ್ಲಿ ಕಾಣುವ ಗೋಲ್ಡನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಅದೇ ಸಂಸಾರದ ಸಂತಾನ.

ಇದು ಒಂಟಿ ಪ್ರಾಣಿ. ಗಂಡು ಒಂದು ಬಿಲದಲ್ಲಿ, ಹೆಣ್ಣು ಇನ್ನೊಂದು ಬಿಲದಲ್ಲಿ. ಹೆಣ್ಣು ನಾಲ್ಕು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅದೂ ಕೆಲವೇ ಗಂಟೆಗಳ ಮಟ್ಟಿಗೆ. ಆ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಗಂಡು ಹತ್ತಿರ ಬಂದರೆ ಕಚ್ಚಿ ಓಡಿಸುತ್ತದೆ. ಹಾಗಾಗಿ ಗಂಡಿಗೆ ಎರಡು ವಿಷಯ ಮೊದಲೇ ಗೊತ್ತಾಗಬೇಕು: ಹೆಣ್ಣು ಎಲ್ಲಿದೆ, ಬೆದೆಗೆ ಬರುವ ಹೊತ್ತಾಗಿದೆಯಾ. ಎರಡನ್ನೂ ತಿಳಿಸುವುದು ವಾಸನೆ. ಬೆದೆಗೆ ಹಿಂದಿನ ರಾತ್ರಿ ಹೆಣ್ಣು ತನ್ನ ಹಿಂಭಾಗವನ್ನು ನೆಲಕ್ಕೆ ಒತ್ತಿಕೊಂಡು ಸ್ವಲ್ಪ ದೂರ ಜಾರುತ್ತದೆ. ಹಾಗೆ ಜಾರುವಾಗ ಯೋನಿಯ ಸ್ರಾವ ನೆಲಕ್ಕೆ ಅಂಟುತ್ತದೆ. ಈ ಗುರುತು ಹಾಕುವ ಕೆಲಸ ಆ ರಾತ್ರಿ ತುಂಬಾ ಜೋರಾಗಿರುತ್ತದೆ, ಬೆದೆ ಬಂದ ಮೇಲೆ ಹೆಚ್ಚುಕಡಿಮೆ ನಿಂತುಹೋಗುತ್ತದೆ.

ಗಂಡಿನ ಆಲ್ಫ್ಯಾಕ್ಟರಿ ಬಲ್ಬ್ ತೆಗೆದರೆ ಏನಾಗುತ್ತದೆ ಎಂದು 1970ರಲ್ಲಿ ನೋಡಿದರು. ಮಿದುಳಿನ ಮುಂದಿನ ತುದಿಯಲ್ಲಿರುವ ಈ ಜೋಡಿ ಗಂಟುಗಳಿಗೇ ಮೂಗಿನ ನರಗಳು ಬಂದು ಸೇರುವುದು. ಅವನ್ನು ತೆಗೆದ ಮೇಲೆ ಮಿಲನ ಪೂರ್ತಿ ನಿಂತುಹೋಯಿತು. ಎದುರಿಗೆ ಬೆದೆಗೆ ಬಂದ ಹೆಣ್ಣಿದ್ದರೂ ಗಂಡಿಗೆ ಅದರ ಪರಿವೆಯೇ ಇರಲಿಲ್ಲ.

ಇಲಿಗಳಿಗೆ ಎರಡು ಮೂಗು ಇವೆ ಅಂತಾರೆ, ನಿಜವಾ?

ಮೂಗು ಒಂದೇ. ಅದರೊಳಗೆ ವಾಸನೆ ಹಿಡಿಯುವ ವ್ಯವಸ್ಥೆ ಎರಡು.

ಒಂದು, ಮೂಗಿನ ಹಿಂಭಾಗದಲ್ಲಿರುವ ಮುಖ್ಯ ಪೊರೆ. ಉಸಿರಿನ ಜೊತೆ ಒಳಗೆ ಬಂದ, ಗಾಳಿಯಲ್ಲಿ ಹಾರುವ ಅಣುಗಳನ್ನು ಇದು ಹಿಡಿಯುತ್ತದೆ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಈ ಪೊರೆಯ ಗ್ರಾಹಕಗಳ (ವಾಸನೆಯ ಅಣು ಬಂದು ಕೂರುವ ಪ್ರೋಟೀನುಗಳ) ಜೀನ್‌ಗಳನ್ನು ಪತ್ತೆ ಮಾಡಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಸುಂಡಿಲಿಯಲ್ಲಿ ಇಂಥ ಜೀನ್‌ಗಳು ಸುಮಾರು 1000. ನಮ್ಮಲ್ಲಿ ಕೆಲಸ ಮಾಡುವವು ಸುಮಾರು 400.

ಇನ್ನೊಂದು, ವೊಮೆರೊನೇಸಲ್ ಅಂಗ. 19ನೇ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಇದನ್ನು ವಿವರಿಸಿದರು, ಅದಕ್ಕೇ ಜೇಕಬ್ಸನ್ ಅಂಗ ಎಂದೂ ಕರೆಯುತ್ತಾರೆ. ಮೂಗಿನ ಒಳಗೋಡೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೊಳವೆ. ಒಂದು ತುದಿ ಮುಚ್ಚಿರುತ್ತದೆ, ಒಳಗೆ ದ್ರವ ತುಂಬಿರುತ್ತದೆ. ಗಾಳಿಯಲ್ಲಿ ಹಾರದ ಭಾರದ ಅಣುಗಳೂ ಇಲ್ಲಿಗೆ ತಲುಪುತ್ತವೆ. ಆದರೆ ಪ್ರಾಣಿ ಮೂಗು ತಾಗಿಸಬೇಕು, ನೆಕ್ಕಬೇಕು.

ಮುಚ್ಚಿದ ಕೊಳವೆಯೊಳಗೆ ವಾಸನೆ ಹೋಗುವುದು ಹೇಗೆ?

ಪಂಪ್ ಮಾಡಿ. ಕೊಳವೆಯ ಪಕ್ಕದಲ್ಲೇ ದಪ್ಪ ರಕ್ತನಾಳಗಳಿವೆ. ಅವು ಕುಗ್ಗಿದಾಗ ಕೊಳವೆ ಹಿಗ್ಗಿ ದ್ರವವನ್ನು ಒಳಗೆ ಎಳೆದುಕೊಳ್ಳುತ್ತದೆ, ಉಬ್ಬಿದಾಗ ಹೊರಗೆ ತಳ್ಳುತ್ತದೆ. ಮೈಕೇಲ್ ಮೆರೆಡಿತ್ ಇದನ್ನು ಹ್ಯಾಮ್‌ಸ್ಟರ್‌ನಲ್ಲೇ ತೋರಿಸಿದರು. ಈ ಪಂಪನ್ನು ನಡೆಸುವುದು ನರಗಳು. ಅಂದರೆ ಉಸಿರಾಡಿದಾಗೆಲ್ಲ ಈ ಅಂಗ ಕೆಲಸ ಮಾಡುವುದಿಲ್ಲ. ಏನೋ ಹೊಸದು, ಏನೋ ಮುಖ್ಯವಾದದ್ದು ಎದುರಾದಾಗ ಮಿದುಳೇ ಅದನ್ನು ಚಾಲೂ ಮಾಡುತ್ತದೆ.

ದನ ಸಾಕಿದ ಮನೆಯವರು ಇದೇ ಅಂಗ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿರುತ್ತೀರಿ. ಹೋರಿ ಹಸುವಿನ ಗಂಜಲ ಮೂಸಿ, ಕತ್ತು ಮೇಲಕ್ಕೆತ್ತಿ, ಮೇಲ್ದುಟಿಯನ್ನು ಸುರುಳಿ ಮಾಡಿ ಒಂದು ಕ್ಷಣ ಹಾಗೇ ನಿಲ್ಲುತ್ತದಲ್ವಾ? ಹೋತ, ಟಗರುಗಳೂ ಹಾಗೇ ಮಾಡುತ್ತವೆ. ಗಂಜಲದ ಅಣುಗಳನ್ನು ವೊಮೆರೊನೇಸಲ್ ಅಂಗಕ್ಕೆ ಸಾಗಿಸುವ ದಾರಿ ಅದು. ಇಲಿಗಳು ತುಟಿ ಎತ್ತುವುದಿಲ್ಲ, ಪಂಪ್ ಒಳಗೇ ನಡೆಯುತ್ತದೆ.

ಆ ವಾಸನೆಯಲ್ಲಿ ಏನಿರುತ್ತದೆ?

ಒಂದೇ ವಸ್ತು ಅಲ್ಲ, ಕೆಲಸ ಹಂಚಿಕೊಂಡ ಹಲವು ವಸ್ತುಗಳು. ಹೆಣ್ಣು ಹ್ಯಾಮ್‌ಸ್ಟರ್‌ನ ಸ್ರಾವದಲ್ಲಿ ಡೈಮೀಥೈಲ್ ಡೈಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಇದೆ. ಗಾಳಿಯಲ್ಲಿ ಹಾರಿ ದೂರದಿಂದಲೇ ಗಂಡನ್ನು ಸೆಳೆಯುತ್ತದೆ. ಅದೇ ಸ್ರಾವದಲ್ಲಿ ಅಫ್ರೊಡಿಸಿನ್ ಎಂಬ ಪ್ರೋಟೀನ್ ಕೂಡ ಇದೆ. ಅದು ಹಾರುವುದಿಲ್ಲ. ಗಂಡು ಹತ್ತಿರ ಬಂದು ನೆಕ್ಕಿದಾಗ ವೊಮೆರೊನೇಸಲ್ ಅಂಗಕ್ಕೆ ಹೋಗಿ, ಮೇಲೇರುವ ನಡವಳಿಕೆಗೆ ಪ್ರಚೋದನೆ ಕೊಡುತ್ತದೆ. ಒಂದು ಕರೆಯುತ್ತದೆ, ಇನ್ನೊಂದು ಬಂದ ಮೇಲೆ ಮುಂದುವರಿಸುತ್ತದೆ.

ಸುಂಡಿಲಿಯಲ್ಲಿ ವಾಸನೆಯ ಭಂಡಾರವೇ ಇದೆ. ಗಂಡಿನ ಮೂತ್ರದಲ್ಲಿ ಪ್ರೋಟೀನ್ ತುಂಬಿರುತ್ತದೆ. ಅದರಲ್ಲಿ ಡಾರ್ಸಿನ್ ಎಂಬುದು ಹೆಣ್ಣನ್ನು ಸೆಳೆಯುತ್ತದೆ ಎಂದು 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ತಂಡ ತೋರಿಸಿತು. ಗಂಡಿನ ಕಣ್ಣೀರಿನಲ್ಲೂ ಇಎಸ್‌ಪಿ1 ಎಂಬ ಸಣ್ಣ ಪೆಪ್ಟೈಡ್ ಇದೆ. ಟೋಕಿಯೊದ ಕಜುಶಿಗೆ ತೌಹಾರ ತಂಡ 2005ರಲ್ಲಿ ಅದನ್ನು ಕಂಡುಹಿಡಿಯಿತು, 2010ರಲ್ಲಿ ಅದು ಹೆಣ್ಣಿನ ಒಪ್ಪಿಗೆಯ ಭಂಗಿಯನ್ನು ಹೆಚ್ಚಿಸುತ್ತದೆ ಎಂದೂ ತೋರಿಸಿತು. ಮರಿಗಳ ಕಣ್ಣೀರಿನಲ್ಲಿ ಇಎಸ್‌ಪಿ22 ಇರುತ್ತದೆ. ಅದು ಉಲ್ಟಾ ಕೆಲಸ ಮಾಡುತ್ತದೆ: ದೊಡ್ಡ ಗಂಡುಗಳು ಇನ್ನೂ ಬೆಳೆಯದ ಮರಿಗಳ ಮೇಲೇರದಂತೆ ತಡೆಯುತ್ತದೆ. ನನಗೆ ಈ ಇಡೀ ಪಟ್ಟಿಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಬೇಡ ಎಂದು ಹೇಳುವುದಕ್ಕೂ ಒಂದು ವಾಸನೆ ಇದೆ.

ಮೂಗಿನಿಂದ ಸುದ್ದಿ ಮಿದುಳಿನಲ್ಲಿ ಎಲ್ಲಿಗೆ ಹೋಗುತ್ತದೆ?

ಎರಡು ವ್ಯವಸ್ಥೆಗೂ ಬೇರೆ ಬೇರೆ ದಾರಿ. ಮುಖ್ಯ ಪೊರೆಯ ನರಗಳು ಮುಖ್ಯ ಬಲ್ಬಿಗೆ ಹೋಗುತ್ತವೆ, ಅಲ್ಲಿಂದ ವಾಸನೆಯ ಕಾರ್ಟೆಕ್ಸಿಗೆ (ಮಿದುಳಿನ ಹೊರಪದರದ ವಾಸನೆಯ ಭಾಗಕ್ಕೆ), ಭಾವನೆಗಳಲ್ಲಿ ಪಾತ್ರ ಇರುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಕೆಲವು ಕಡೆಗಳಿಗೆ. ವೊಮೆರೊನೇಸಲ್ ನರಗಳು ಮುಖ್ಯ ಬಲ್ಬಿನ ಹಿಂದೆ ಅಂಟಿಕೊಂಡಿರುವ ಉಪ ಬಲ್ಬಿಗೆ ಹೋಗಿ, ಅಲ್ಲಿಂದ ನೇರವಾಗಿ ಮೀಡಿಯಲ್ ಅಮಿಗ್ಡಲಾ ಸೇರುತ್ತವೆ. ಅಲ್ಲಿಂದ ಬಿಎನ್‌ಎಸ್‌ಟಿ ಎಂಬ ಚಿಕ್ಕ ಭಾಗಕ್ಕೂ, ಹಾರ್ಮೋನ್, ಹಸಿವು, ಮಿಲನ ಇವನ್ನೆಲ್ಲ ನಿಯಂತ್ರಿಸುವ ಹೈಪೋಥಾಲಮಸ್‌ಗೂ ದಾರಿ ಇದೆ. ಗಂಡಿನ ಮಿಲನಕ್ಕೆ ಬೇಕೇ ಬೇಕಾದದ್ದು ಹೈಪೋಥಾಲಮಸ್‌ನ ಮುಂದಿರುವ ಮೀಡಿಯಲ್ ಪ್ರಿಯಾಪ್ಟಿಕ್ ಪ್ರದೇಶ. ಅದು ಹಾಳಾದರೆ ಗಂಡು ಕೂಡುವುದೇ ಇಲ್ಲ.

ಈ ಹಾದಿ ಎಷ್ಟು ಚಿಕ್ಕದು ನೋಡಿ. ಮೂಗಿನ ಕೋಶ, ಉಪ ಬಲ್ಬು, ಅಮಿಗ್ಡಲಾ, ಅಷ್ಟಾದರೆ ಹೈಪೋಥಾಲಮಸ್. ಕಣ್ಣಿನ ಸುದ್ದಿ ಥಾಲಮಸ್, ಕಾರ್ಟೆಕ್ಸ್ ಎಂದು ಸುತ್ತಿಬರುವಂತೆ ಇದು ಸುತ್ತುವುದಿಲ್ಲ.

ಎರಡು ದಾರಿ ಕೂಡುವುದು ಮೀಡಿಯಲ್ ಅಮಿಗ್ಡಲಾದಲ್ಲಿ. ಅದರ ಮುಂಭಾಗ ಎಲ್ಲ ತರದ ಪ್ರಾಣಿವಾಸನೆಗೂ ಸ್ಪಂದಿಸುತ್ತದೆ. ಹಿಂಭಾಗದಲ್ಲಿ ಲೈಂಗಿಕ ಹಾರ್ಮೋನ್‌ಗಳ ಗ್ರಾಹಕಗಳು ದಟ್ಟವಾಗಿವೆ. ಗಂಡು ಹ್ಯಾಮ್‌ಸ್ಟರ್‌ನಲ್ಲಿ ಈ ಎರಡು ಭಾಗಗಳ ನಡುವಿನ ಸಂಪರ್ಕ ತಪ್ಪಿಸಿದರೆ ಹೆಣ್ಣಿನ ವಾಸನೆಯ ಕಡೆಗಿನ ಒಲವು ಮಾಯವಾಗುತ್ತದೆ. ವಾಸನೆ ಬರುವುದು ಒಂದು, ಆ ವಾಸನೆ ತನಗೆ ಬೇಕು ಅನ್ನಿಸುವುದು ಇನ್ನೊಂದು ಎಂದಾಯಿತು.

ಎರಡು ದಾರಿಗಳಲ್ಲಿ ಯಾವುದು ಮುಖ್ಯ?

ಇದಕ್ಕೆ ಒಂದೇ ಉತ್ತರ ಬೇಕು ಅನ್ನುವವರಿಗೆ ನಿರಾಸೆ ಆಗುತ್ತದೆ.

1975ರಲ್ಲಿ ಪವರ್ಸ್ ಮತ್ತು ವಿನಾನ್ಸ್ ಹ್ಯಾಮ್‌ಸ್ಟರ್‌ಗಳಲ್ಲಿ ಇದನ್ನು ಪರೀಕ್ಷಿಸಿದರು. ವೊಮೆರೊನೇಸಲ್ ನರ ಮಾತ್ರ ಕತ್ತರಿಸಿದಾಗ ಸುಮಾರು ಮೂರನೇ ಒಂದು ಭಾಗದ ಗಂಡುಗಳ ಮಿಲನ ಕೆಟ್ಟಿತು. ಮುಖ್ಯ ಪೊರೆಯನ್ನು ಮಾತ್ರ ಹಾಳುಮಾಡಿದರೆ ಅಂಥ ತೊಂದರೆ ಆಗಲಿಲ್ಲ. ಎರಡೂ ಇಲ್ಲದಾಗ ಮಿಲನ ಪೂರ್ತಿ ನಿಂತಿತು.

ಸುಂಡಿಲಿಯಲ್ಲಿ ಕಥೆ ಬೇರೆ. ವೊಮೆರೊನೇಸಲ್ ಕೋಶಗಳಿಗೆ ಬೇಕಾದ ಟಿಆರ್‌ಪಿಸಿ2 ಎಂಬ ಜೀನ್ ತೆಗೆದ ಗಂಡುಗಳನ್ನು 2002ರಲ್ಲಿ ಎರಡು ತಂಡಗಳು ಅಧ್ಯಯನ ಮಾಡಿದವು. ಆ ಗಂಡುಗಳು ಮಿಲನ ಬಿಡಲಿಲ್ಲ. ಬದಲಿಗೆ ಹೆಣ್ಣು, ಗಂಡು ಅಂತ ನೋಡದೆ ಎದುರು ಬಂದವರ ಮೇಲೆಲ್ಲ ಏರಿದವು, ಬೇರೆ ಗಂಡುಗಳ ಜೊತೆ ಜಗಳಕ್ಕೂ ಹೋಗಲಿಲ್ಲ. ಮುಖ್ಯ ಪೊರೆಗೆ ಬೇಕಾದ ಸಿಎನ್‌ಜಿಎ2 ಜೀನ್ ಇಲ್ಲದ ಗಂಡುಗಳು ಕೂಡಲೂ ಇಲ್ಲ, ಕಾದಾಡಲೂ ಇಲ್ಲ ಎಂದು 2005ರಲ್ಲಿ ಗೊತ್ತಾಯಿತು. ಅಂದರೆ ಸುಂಡಿಲಿಯಲ್ಲಿ ಕೆಲಸ ಶುರು ಮಾಡಿಸುವುದು ಮುಖ್ಯ ಪೊರೆ, ಎದುರಿಗಿರುವುದು ಗಂಡೋ ಹೆಣ್ಣೋ ಎಂದು ಬೇರ್ಪಡಿಸುವುದರಲ್ಲಿ ವೊಮೆರೊನೇಸಲ್ ಅಂಗದ ಪಾತ್ರ ದೊಡ್ಡದು. ಒಂದು ಜಾತಿಯ ಫಲಿತಾಂಶವನ್ನು ಇನ್ನೊಂದಕ್ಕೆ ಸಲೀಸಾಗಿ ಅಂಟಿಸಬಾರದು.

ವಾಸನೆ ಒಂದೇ ಸಾಕಾ? ಹಾರ್ಮೋನ್ ಎಲ್ಲಿ ಬರುತ್ತದೆ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

ಬೀಜ ಒಡೆದ ಗಂಡು ಹ್ಯಾಮ್‌ಸ್ಟರ್‌ನ ಮೂಗು ಚೆನ್ನಾಗೇ ಇರುತ್ತದೆ. ಆದರೂ ಕೆಲವು ವಾರಗಳಲ್ಲಿ ಅದು ಮಿಲನ ಬಿಡುತ್ತದೆ. ಬೀಜದಲ್ಲಿ ತಯಾರಾಗುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಕೊಟ್ಟರೆ ಮತ್ತೆ ಶುರು. ಹಾಗಾದರೆ ಹಾರ್ಮೋನ್ ಎಲ್ಲಿ ಕೆಲಸ ಮಾಡುತ್ತದೆ? ಇಡೀ ಮೈಯಲ್ಲೋ, ವಾಸನೆಯ ದಾರಿಯಲ್ಲೇ ಎಲ್ಲೋ?

ರೂತ್ ವುಡ್ ಮತ್ತು ಸಾರಾ ನ್ಯೂಮನ್ 1995ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಇಲಿ ಜಾತಿಯಲ್ಲಿ ವಾಸನೆಯ ದಾರಿ ಬಹುಮಟ್ಟಿಗೆ ಒಂದೇ ಪಕ್ಕದಲ್ಲಿ ಸಾಗುತ್ತದೆ. ಎಡ ಮೂಗಿನ ಸುದ್ದಿ ಎಡ ಬಲ್ಬಿಗೆ, ಎಡ ಅಮಿಗ್ಡಲಾಕ್ಕೆ, ಹಾಗೇ ಬಲದ್ದು ಬಲಕ್ಕೆ. ಅವರು ಬೀಜ ತೆಗೆದ ಗಂಡುಗಳ ಮಿದುಳಿನಲ್ಲಿ, ಈ ದಾರಿಯ ಮೇಲೆ, ಒಂದು ಪಕ್ಕಕ್ಕೆ ಮಾತ್ರ ಚೂರು ಟೆಸ್ಟೋಸ್ಟಿರಾನ್ ಇಟ್ಟರು. ರಕ್ತಕ್ಕೆ ಕೊಡಲಿಲ್ಲ. ಜೊತೆಗೆ ಒಂದು ಪಕ್ಕದ ಬಲ್ಬನ್ನು ಮಾತ್ರ ತೆಗೆದರು. ಕೆಲವದರಲ್ಲಿ ಹಾರ್ಮೋನ್ ಇಟ್ಟ ಪಕ್ಕದ್ದೇ ಬಲ್ಬು, ಕೆಲವದರಲ್ಲಿ ಎದುರು ಪಕ್ಕದ್ದು.

ಎರಡು ಗುಂಪಿಗೂ ಸಿಕ್ಕ ಹಾರ್ಮೋನ್ ಅಷ್ಟೇ. ಎರಡಕ್ಕೂ ಉಳಿದ ಬಲ್ಬು ಒಂದೊಂದೇ. ವ್ಯತ್ಯಾಸ ಇಷ್ಟೇ: ಒಂದು ಗುಂಪಿನಲ್ಲಿ ವಾಸನೆ, ಹಾರ್ಮೋನ್ ಒಂದೇ ಪಕ್ಕದಲ್ಲಿ ಸೇರುತ್ತಿದ್ದವು. ಇನ್ನೊಂದರಲ್ಲಿ ವಾಸನೆ ಒಂದು ಪಕ್ಕಕ್ಕೆ, ಹಾರ್ಮೋನ್ ಇನ್ನೊಂದು ಪಕ್ಕಕ್ಕೆ. ಸೇರಿದ ಗುಂಪು ಮಿಲನಕ್ಕೆ ಮರಳಿತು. ಬೇರೆಯಾದ ಗುಂಪು ಮರಳಲಿಲ್ಲ.

ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀ, ಬ್ಯಾಂಕಿನ ಕೀ ಎರಡೂ ಒಂದೇ ಪೆಟ್ಟಿಗೆಗೆ ಬೀಳಬೇಕು. ನಿಮ್ಮದು ಒಂದಕ್ಕೆ, ಅವರದು ಪಕ್ಕದ್ದಕ್ಕೆ ಹಾಕಿದರೆ ಯಾವುದೂ ತೆರೆಯುವುದಿಲ್ಲ. ಹೊರಗಿನ ಸುದ್ದಿ ವಾಸನೆ, ಒಳಗಿನ ಸುದ್ದಿ ಹಾರ್ಮೋನ್. ಎರಡೂ ಮಿದುಳಿನ ಒಂದೇ ಸರಪಳಿಯಲ್ಲಿ ಭೇಟಿಯಾಗಬೇಕು.

ವಾಸನೆಯೇ ಹಾರ್ಮೋನ್ ಬದಲಿಸುತ್ತದಾ?

ಹೌದು. ಹೆಣ್ಣಿನ ಸ್ರಾವ ಮೂಸಿದ ಗಂಡು ಹ್ಯಾಮ್‌ಸ್ಟರ್‌ನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಏರುತ್ತದೆ. ಗುಂಪಿನಲ್ಲಿ ಕೂಡಿಟ್ಟ ಹೆಣ್ಣು ಸುಂಡಿಲಿಗಳಿಗೆ ಗಂಡಿನ ಮೂತ್ರದ ವಾಸನೆ ತಾಗಿದರೆ ಸುಮಾರು ಮೂರನೇ ದಿನ ಅನೇಕ ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುತ್ತವೆ. ಇದಕ್ಕೆ ವಿಟನ್ ಪರಿಣಾಮ ಎಂದು ಹೆಸರು.

ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಇನ್ನೂ ಒಂದು ಹೆಜ್ಜೆ ಮುಂದೆ. ಈ ಹೆಣ್ಣಿಗೆ ತಾನಾಗಿ ಬೆದೆ ಚಕ್ರವೇ ಇಲ್ಲ, ಗಂಡಿನ ವಾಸನೆ ಸಿಕ್ಕಿದ ಮೇಲೇ ಬೆದೆ. 1981ರ ಒಂದು ಪ್ರಯೋಗದಲ್ಲಿ ಹೆಣ್ಣಿನ ಮೇಲ್ದುಟಿಗೆ ಗಂಡಿನ ಮೂತ್ರದ ಒಂದೇ ಒಂದು ಹನಿ ಹಾಕಿದರು. ಆಲ್ಫ್ಯಾಕ್ಟರಿ ಬಲ್ಬಿನೊಳಗೇ ಸಂತಾನದ ಹಾರ್ಮೋನ್‌ಗಳನ್ನು ಎಬ್ಬಿಸುವ ಜಿಎನ್‌ಆರ್‌ಎಚ್ ಮಟ್ಟ ಬದಲಾಯಿತು.

ಮೂಗಿಗೂ ಜಿಎನ್‌ಆರ್‌ಎಚ್‌ಗೂ ಹುಟ್ಟಿನಿಂದಲೇ ನಂಟು. ಭ್ರೂಣದಲ್ಲಿ ಈ ನರಕೋಶಗಳು ಹುಟ್ಟುವುದು ಮೂಗಿನ ಜಾಗದಲ್ಲಿ, ಅಲ್ಲಿಂದ ತೆವಳಿಕೊಂಡು ಮಿದುಳಿಗೆ ಹೋಗುತ್ತವೆ. 1989ರಲ್ಲಿ ಸುಂಡಿಲಿಯಲ್ಲಿ ಇದನ್ನು ಕಂಡರು. ಮನುಷ್ಯರಲ್ಲಿ ಈ ಪ್ರಯಾಣ ತಪ್ಪಿದರೆ ಕಾಲ್ಮನ್ ಸಿಂಡ್ರೋಮ್ ಬರುತ್ತದೆ: ವಾಸನೆ ಗೊತ್ತಾಗುವುದಿಲ್ಲ, ಹದಿಹರೆಯದ ಬದಲಾವಣೆಗಳೂ ತಾವಾಗಿ ಬರುವುದಿಲ್ಲ. ಹದಿನೈದು ಹದಿನಾರಾದರೂ ಮೈ ಬದಲಾಗದ ಮಕ್ಕಳಿಗೆ ಡಾಕ್ಟರು ಮೂಗಿನ ಬಗ್ಗೆ ಕೇಳಿದರೆ ಆಶ್ಚರ್ಯಪಡಬೇಡಿ. ಇದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ.

ಹೆಣ್ಣಿನ ಮಿದುಳಿನಲ್ಲಿ ಏನಾಗುತ್ತದೆ?

ತುಂಬಾ ವರ್ಷ ಸಂಶೋಧನೆ ಗಂಡಿನ ಸುತ್ತಲೇ ಸುತ್ತಿತು. ಹೆಣ್ಣಿನ ಕಥೆ ಅದಕ್ಕಿಂತ ಸೂಕ್ಷ್ಮ.

ಬೆದೆ ಇಲ್ಲದ ದಿನಗಳಲ್ಲಿ ಹೆಣ್ಣು ಸುಂಡಿಲಿಗೆ ಗಂಡಿನ ವಾಸನೆ ಬಂದರೂ ಬೇಡ ಅನ್ನಿಸುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಿರ್ಧಾರ ಮಿದುಳಿನಲ್ಲಿ ಆಗುತ್ತದೆ ಎಂಬ ಲೆಕ್ಕ. 2015ರಲ್ಲಿ ಲೀಸಾ ಸ್ಟೋವರ್ಸ್ ತಂಡ ಬೇರೆಯದೇ ಕಂಡಿತು. ಆ ದಿನಗಳಲ್ಲಿ ಪ್ರೊಜೆಸ್ಟಿರಾನ್ ಹಾರ್ಮೋನ್ ವೊಮೆರೊನೇಸಲ್ ಅಂಗಕ್ಕೇ ಹೋಗಿ, ಗಂಡಿನ ಮೂತ್ರದ ಪ್ರೋಟೀನನ್ನು ಹಿಡಿಯುವ ಕೋಶಗಳನ್ನು ಸುಮ್ಮನಾಗಿಸುತ್ತದೆ. ಬೇರೆ ವಾಸನೆಗಳ ಕೋಶಗಳು ಕೆಲಸ ಮಾಡುತ್ತಲೇ ಇರುತ್ತವೆ. ಗಂಡಿನ ಆ ಸುದ್ದಿ ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ. ಬೆದೆ ಬಂದಾಗ ಅದೇ ಕೋಶಗಳು ಮತ್ತೆ ಎಚ್ಚರವಾಗುತ್ತವೆ.

ಬೆದೆಗೆ ಬಂದ ಹೆಣ್ಣು ಬೆನ್ನು ಬಾಗಿಸಿ ಅಲ್ಲಾಡದೆ ನಿಲ್ಲುತ್ತದೆ. ಲಾರ್ಡೋಸಿಸ್ ಎಂದು ಇದರ ಹೆಸರು. ಇದನ್ನು ನಡೆಸುವ ಮುಖ್ಯ ಜಾಗ ಹೈಪೋಥಾಲಮಸ್‌ನ ವೆಂಟ್ರೊಮೀಡಿಯಲ್ ಭಾಗ. ಅಲ್ಲಿ ಮೊದಲು ಈಸ್ಟ್ರೋಜನ್, ಆಮೇಲೆ ಪ್ರೊಜೆಸ್ಟಿರಾನ್ ಕೆಲಸ ಮಾಡಿರಬೇಕು. ಮೂಗಿನಲ್ಲಿ ತಡೆಯುವ ಹಾರ್ಮೋನೇ ಇಲ್ಲಿ ಬೇರೆ ಹೊತ್ತಿನಲ್ಲಿ ದಾರಿ ಬಿಡುತ್ತದೆ. ಹಾರ್ಮೋನ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ಎಲ್ಲಿ, ಯಾವಾಗ ಎಂದು ಕೇಳುವುದು ಸರಿ.

ಅನುಭವದಿಂದ ವ್ಯತ್ಯಾಸ ಆಗುತ್ತದಾ?

ತುಂಬಾ ಆಗುತ್ತದೆ. ಮಿಲನದ ಅನುಭವ ಇಲ್ಲದ ಗಂಡು ಹ್ಯಾಮ್‌ಸ್ಟರ್‌ನ ವೊಮೆರೊನೇಸಲ್ ಅಂಗ ತೆಗೆದರೆ ಅನೇಕವು ಕೂಡಲು ಸೋಲುತ್ತವೆ. ಮೊದಲೇ ಅನುಭವ ಇದ್ದ ಗಂಡುಗಳಿಗೆ ಅಷ್ಟು ತೊಂದರೆ ಇಲ್ಲ. ಅವು ಅಷ್ಟು ಹೊತ್ತಿಗೆ ಮುಖ್ಯ ಪೊರೆಯ ವಾಸನೆಗಳನ್ನೂ ಮಿಲನಕ್ಕೆ ಜೋಡಿಸಿಕೊಂಡಿರುತ್ತವೆ. ಅನುಭವ ಇಲ್ಲದವಕ್ಕೂ ಮಿದುಳಿಗೆ ಜಿಎನ್‌ಆರ್‌ಎಚ್ ಕೊಟ್ಟಾಗ ಮಿಲನ ಸುಧಾರಿಸಿತು. ಇದನ್ನೂ ತೋರಿಸಿದ್ದು ಮೆರೆಡಿತ್ ಲ್ಯಾಬೇ.

ಡಾರ್ಸಿನ್ ಕೂಡ ಕಲಿಸುತ್ತದೆ. ಒಮ್ಮೆ ಅದನ್ನು ಮುಟ್ಟಿ ಮೂಸಿದ ಹೆಣ್ಣು ಆ ಜಾಗವನ್ನು ಸುಮಾರು ಎರಡು ವಾರ ನೆನಪಿಟ್ಟುಕೊಂಡು ಮತ್ತೆ ಮತ್ತೆ ಹೋಗುತ್ತದೆ. ಆ ಗಂಡಿನ ಮೈವಾಸನೆಯನ್ನೂ ಗುರುತಿಟ್ಟುಕೊಳ್ಳುತ್ತದೆ.

ಬೇರೆ ಗಂಡಿನ ವಾಸನೆಗೆ ಗರ್ಭ ನಿಲ್ಲುವುದಿಲ್ಲ ಎನ್ನುವುದು ನಿಜವಾ?

ಸುಂಡಿಲಿಯಲ್ಲಿ ನಿಜ. 1959ರಲ್ಲಿ ಹಿಲ್ಡಾ ಬ್ರೂಸ್ ಇದನ್ನು ಗಮನಿಸಿದರು. ಕೂಡಿದ ಮೊದಲ ಕೆಲವು ದಿನಗಳಲ್ಲಿ, ಭ್ರೂಣ ಗರ್ಭಕೋಶಕ್ಕೆ ಅಂಟುವ ಮೊದಲು, ಅಪರಿಚಿತ ಗಂಡಿನ ವಾಸನೆ ತಾಗಿದರೆ ಗರ್ಭ ಮುಂದುವರಿಯುವುದಿಲ್ಲ. ವಾಸನೆಯ ಸುದ್ದಿಯಿಂದ ಹೈಪೋಥಾಲಮಸ್‌ನಲ್ಲಿ ಡೋಪಮೈನ್ ಎಂಬ ನರರಾಸಾಯನಿಕ ಏರುತ್ತದೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಇಳಿಯುತ್ತದೆ, ಗರ್ಭಕ್ಕೆ ಬೇಕಾದ ಹಾರ್ಮೋನ್ ಆಸರೆ ತಪ್ಪುತ್ತದೆ.

ಹಾಗಾದರೆ ಕೂಡಿದ ಗಂಡಿನ ವಾಸನೆಯೇ ಯಾಕೆ ತೊಂದರೆ ಮಾಡುವುದಿಲ್ಲ? ಕೂಡಿದ ಹೊತ್ತಿನಲ್ಲಿ ಹೆಣ್ಣಿನ ಉಪ ಬಲ್ಬಿಗೆ ನಾರ್‌ಅಡ್ರಿನಲಿನ್ ಎಂಬ ನರರಾಸಾಯನಿಕ ನುಗ್ಗುತ್ತದೆ. ಆಗ ಆ ಗಂಡಿನ ವಾಸನೆಗೆ ಸ್ಪಂದಿಸಿದ ಕೋಶಗಳ ಮೇಲಿನ ತಡೆ ಬಲವಾಗುತ್ತದೆ. ಮುಂದೆ ಅದೇ ವಾಸನೆ ಬಂದರೆ ಉಪ ಬಲ್ಬಿನಲ್ಲೇ ಅಡಗಿಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ನೆನಪು ಎಂದರೆ ಮಿದುಳಿನ ಯಾವುದೋ ಆಳದಲ್ಲಿ ಇರುತ್ತದೆ ಎಂದುಕೊಳ್ಳುತ್ತೇವೆ. ಈ ನೆನಪು ಮೂಗಿನಿಂದ ಒಂದೇ ಹೆಜ್ಜೆ ಒಳಗಿದೆ.

ಮನುಷ್ಯರಿಗೂ ಇದೆಲ್ಲ ಇದೆಯಾ? ಫೆರೊಮೋನ್ ಸೆಂಟ್ ಕೊಳ್ಳಬಹುದಾ?

ದುಡ್ಡು ಉಳಿಸಿ. ಒಂದು ಪ್ರಾಣಿ ಹೊರಬಿಟ್ಟು ಅದೇ ಜಾತಿಯ ಇನ್ನೊಂದರ ನಡವಳಿಕೆ ಬದಲಿಸುವ ವಸ್ತುವಿಗೆ ಫೆರೊಮೋನ್ ಎನ್ನುತ್ತಾರೆ. ದೊಡ್ಡವರಲ್ಲಿ ವೊಮೆರೊನೇಸಲ್ ಅಂಗದ ಗುರುತಾಗಿ ಒಂದು ಸಣ್ಣ ಗುಳಿ ಮಾತ್ರ ಉಳಿದಿರುತ್ತದೆ. ಅಲ್ಲಿಂದ ಮಿದುಳಿಗೆ ಕೆಲಸ ಮಾಡುವ ನರ ಇಲ್ಲ, ಉಪ ಬಲ್ಬೂ ಇಲ್ಲ, ಟಿಆರ್‌ಪಿಸಿ2 ಜೀನ್ ನಮ್ಮಲ್ಲಿ ಮುರಿದಿದೆ. ಮನುಷ್ಯರ ಫೆರೊಮೋನ್ ಎಂದು ಒಪ್ಪಿತವಾದ ವಸ್ತು ಇವತ್ತಿಗೂ ಒಂದೂ ಇಲ್ಲ. ವಾಸನೆ ನಮ್ಮ ಮನಸ್ಸಿಗೆ ತಾಗುವುದಿಲ್ಲ ಎಂದಲ್ಲ, ಅದರ ದಾರಿ ಬೇರೆ.

ಈ ಪ್ರಯೋಗಗಳು ಕ್ರೂರ ಅಲ್ವಾ?

ಈ ಪ್ರಶ್ನೆ ಕೇಳುವವರು ಸರಿಯಾದದ್ದನ್ನೇ ಕೇಳುತ್ತಿದ್ದಾರೆ. ಮೇಲೆ ಬರೆದದ್ದರಲ್ಲಿ ಎಷ್ಟೋ ವಿಷಯ ಪ್ರಾಣಿಗಳ ಮೈಮೇಲೆ ಕತ್ತರಿ ಆಡಿಸಿಯೇ ತಿಳಿದದ್ದು. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ನಿಯಮಗಳಿವೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಇಲ್ಲದೆ ಪ್ರಯೋಗ ಮಾಡುವಂತಿಲ್ಲ. ಈಗ ಬೆಳಕಿನಿಂದ ನರಕೋಶಗಳನ್ನು ಆನ್ ಆಫ್ ಮಾಡುವ ತಂತ್ರ ಬಂದಿದೆ. ಅದಕ್ಕೂ ಆಪರೇಷನ್ ಬೇಕು, ಆದರೆ ಮಿದುಳಿನ ಭಾಗವನ್ನು ಶಾಶ್ವತವಾಗಿ ಹಾಳುಮಾಡಬೇಕಿಲ್ಲ. ಒಮ್ಮೆ ಸಿಕ್ಕ ಉತ್ತರಕ್ಕಾಗಿ ಮತ್ತೆ ಪ್ರಾಣಿಗಳನ್ನು ಬಳಸಬಾರದು ಎನ್ನುವುದು ನನ್ನ ಗಟ್ಟಿ ನಿಲುವು. ಹಳೆಯ ಪ್ರಯೋಗಗಳನ್ನು ಇಷ್ಟು ವಿವರವಾಗಿ ಬರೆಯಲು ಅದೂ ಒಂದು ಕಾರಣ.

ಮನೆಯಲ್ಲಿ ಗಂಡು ಹೆಣ್ಣು ಹ್ಯಾಮ್‌ಸ್ಟರ್ ಒಟ್ಟಿಗೆ ಬಿಟ್ಟೆವು, ಹೆಣ್ಣು ಗಂಡನ್ನು ಕಚ್ಚಿತು. ಯಾಕೆ?

ಬೆದೆ ಇರಲಿಲ್ಲ, ಅಷ್ಟೇ. ಗೋಲ್ಡನ್ ಹ್ಯಾಮ್‌ಸ್ಟರ್ ಆಗಿದ್ದರೆ ತಕ್ಷಣ ಬೇರೆ ಬೇರೆ ಗೂಡಿಗೆ ಹಾಕಿ. ಬೆಳೆದ ಮೇಲೆ ಇವು ಒಟ್ಟಿಗೆ ಬಾಳುವ ಪ್ರಾಣಿಗಳಲ್ಲ. ದಿನ ಕಳೆದರೆ ಹೊಂದಿಕೊಳ್ಳುತ್ತವೆ ಎಂದು ಕಾಯಬೇಡಿ, ಗಾಯ ಜೋರಾಗಿ ಪ್ರಾಣವೇ ಹೋಗಬಹುದು. ಗಾಯ ಆಗಿದ್ದರೆ ಪಶುವೈದ್ಯರಿಗೆ ತೋರಿಸಿ. ಮರಿ ಬೇಕು ಎಂಬ ಆಸೆಗೆ ಮಾತ್ರ ಜೋಡಿ ಮಾಡಬೇಡಿ. 16 ದಿನಕ್ಕೇ ಮರಿ ಹಾಕುತ್ತದೆ, ಒಂದು ಸೂಲಿಗೆ ಎಂಟು ಹತ್ತು ಮರಿ ಮಾಮೂಲು. ಅವು ದೊಡ್ಡವಾದ ಮೇಲೆ ಪ್ರತಿಯೊಂದಕ್ಕೂ ಒಂದೊಂದು ಗೂಡು ಬೇಕಾಗುತ್ತದೆ.

ಗೂಡು ತೊಳೆಯುವಾಗ ಇನ್ನೊಂದು ವಿಷಯ. ಎಲ್ಲವನ್ನೂ ಸೋಪು ಹಾಕಿ ಉಜ್ಜಿ ವಾಸನೆಯೇ ಇಲ್ಲದಂತೆ ಮಾಡಿದರೆ ಪ್ರಾಣಿಗೆ ಗಾಬರಿ ಆಗುತ್ತದೆ. ಅದರ ಪಾಲಿಗೆ ತನ್ನ ಗುರುತೆಲ್ಲ ಅಳಿಸಿಹೋದ ಹೊಸ ಜಾಗ ಅದು. ಹಳೆಯ ಒಣ ಹಾಸಿನಲ್ಲಿ ಒಂದು ಹಿಡಿ ತೆಗೆದಿಟ್ಟು ಹೊಸದರ ಜೊತೆ ಬೆರೆಸಿ.